ಬಹುಹಂತದ ವಿಮಾ ಮಾರಾಟ: ಆದಾಯದ ಭರವಸೆ ಮತ್ತು ನೇಮಕಾತಿ

ಬಹುಹಂತದ ವಿಮಾ ಮಾರಾಟದಲ್ಲಿ ಜೀವವಿಮೆಯ ಏಜೆಂಟರು ಪಾಲಿಸಿ ಮಾರುವುದರ ಜೊತೆಗೆ ಹೊಸ ಏಜೆಂಟರನ್ನು ತಮ್ಮ ಕೆಳಗೆ ಸೇರಿಸಿಕೊಂಡು, ಅವರ ಕಮಿಷನ್‌ನಲ್ಲೂ ಪಾಲು ಪಡೆಯುತ್ತಾರೆ. ಸೇರಿದವರು ಮತ್ತಷ್ಟು ಜನರನ್ನು ಸೇರಿಸುತ್ತಾರೆ. ಒಂದು ಪಾಲಿಸಿಯಿಂದ ಬಂದ ಕಮಿಷನ್ ನಾಲ್ಕಾರು ಹಂತಗಳಲ್ಲಿ ಹಂಚಿಹೋಗುತ್ತದೆ. ಮೇಲಿನವರನ್ನು ಅಪ್‌ಲೈನ್, ಕೆಳಗಿನವರನ್ನು ಡೌನ್‌ಲೈನ್ ಎನ್ನುವುದು ವಾಡಿಕೆ. ಸೋಪು, ಪೌಷ್ಟಿಕ ಪುಡಿ, ಅಡುಗೆ ಪಾತ್ರೆಗಳ ಚೈನ್ ಮಾರ್ಕೆಟಿಂಗ್‌ನ ರಚನೆಯೂ ಇದೇ. ಆದರೆ ವಿಮೆಯಲ್ಲಿ ಏಜೆಂಟ್ ಸರಕು ಕೊಂಡು ಮನೆಯಲ್ಲಿ ಪೇರಿಸಿಡಬೇಕಾಗಿಲ್ಲ, ಮಾರಲು ಸರ್ಕಾರದ ಲೈಸೆನ್ಸ್ ಬೇಕು, ಮಾರುವ ಪಾಲಿಸಿಯೂ ನಿಯಂತ್ರಣಕ್ಕೆ ಒಳಪಟ್ಟ ವಿಮಾ ಕಂಪನಿಯದೇ. ಹೀಗಾಗಿ ಈ ವ್ಯವಹಾರವನ್ನು ಒಟ್ಟಾರೆ ಮೋಸವೆಂದು ತಳ್ಳಿಹಾಕುವುದು ಸರಿಯಾಗದು. ವಿವಾದವಿರುವುದು ಸೇರುವವರಿಗೆ ಆದಾಯದ ಬಗ್ಗೆ ಏನು ಹೇಳಲಾಗುತ್ತದೆ, ಅವರನ್ನು ಹೇಗೆ ಸೇರಿಸಿಕೊಳ್ಳಲಾಗುತ್ತದೆ ಎಂಬ ಎರಡು ವಿಷಯಗಳಲ್ಲಿ. ಈ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಂದ ಕೆನಡಾಕ್ಕೆ ಹರಡಿತು. ಭಾರತದಲ್ಲಿ ಇದಕ್ಕೆ ಕಾನೂನಿನ ನಿಷೇಧವಿದೆ.

ಹುಟ್ಟು ಮತ್ತು ಬೆಳವಣಿಗೆ

ಈ ಮಾದರಿಯ ಮೂಲಪುರುಷ ಜಾರ್ಜಿಯಾ ರಾಜ್ಯದ ಆರ್ಥರ್ ಎಲ್. ವಿಲಿಯಮ್ಸ್. ಆತ ಪ್ರೌಢಶಾಲೆಯಲ್ಲಿ ಫುಟ್‌ಬಾಲ್ ತರಬೇತುದಾರನಾಗಿದ್ದವನು. ಸಾಕಷ್ಟು ವಿಮೆಯಿಲ್ಲದೆ ತಂದೆ ತೀರಿಕೊಂಡಾಗ ಕುಟುಂಬ ಪಟ್ಟ ಪಾಡು ಅವನನ್ನು ಈ ಕ್ಷೇತ್ರಕ್ಕೆ ತಂದಿತು. ಆ ಕಾಲದ ಅಮೆರಿಕದಲ್ಲಿ ಉಳಿತಾಯವನ್ನೂ ವಿಮೆಯನ್ನೂ ಬೆರೆಸಿದ ದುಬಾರಿ ಪಾಲಿಸಿಗಳದ್ದೇ ಮೇಲುಗೈ. ಕಡಿಮೆ ಪ್ರೀಮಿಯಂನ, ನಿಗದಿತ ಅವಧಿಗಷ್ಟೇ ರಕ್ಷಣೆ ಕೊಡುವ ಟರ್ಮ್ ಪಾಲಿಸಿ ಕೊಂಡು, ಉಳಿದ ಹಣವನ್ನು ಬೇರೆಡೆ ಹೂಡಿ ಎಂಬುದು ವಿಲಿಯಮ್ಸ್‌ನ ಸಂದೇಶ. ಸಾಧಾರಣ ವರಮಾನದ ಕುಟುಂಬಗಳ ಪಾಲಿಗೆ ಅದು ಒಳ್ಳೆಯ ಸಲಹೆಯೇ ಆಗಿತ್ತು. 1977ರ ಫೆಬ್ರವರಿಯಲ್ಲಿ 85 ಜನರೊಂದಿಗೆ ಆರಂಭವಾದ ಎ.ಎಲ್. ವಿಲಿಯಮ್ಸ್ ಸಂಸ್ಥೆ, 1980ರ ದಶಕದ ಮಧ್ಯದ ಹೊತ್ತಿಗೆ ಹೊಸ ವಿಮಾ ಮೊತ್ತದ ಲೆಕ್ಕದಲ್ಲಿ ದೇಶದ ಹಳೆಯ ದೈತ್ಯ ಕಂಪನಿಗಳಿಗೆ ಸರಿಸಮನಾಗಿ ನಿಂತಿತು.

ಆ ವೇಗಕ್ಕೆ ಕಾರಣ ಸಂದೇಶವೊಂದೇ ಅಲ್ಲ. ಟರ್ಮ್ ಪಾಲಿಸಿಯ ಪ್ರೀಮಿಯಂ ಚಿಕ್ಕದಾದ್ದರಿಂದ ಕಮಿಷನ್ನೂ ಚಿಕ್ಕದು. ಬೆರಳೆಣಿಕೆಯ ಪೂರ್ಣಾವಧಿ ಏಜೆಂಟರಿಂದ ಆ ವ್ಯಾಪಾರ ಗಿಟ್ಟುವುದಿಲ್ಲ. ಅದರ ಬದಲು ಶಿಕ್ಷಕರು, ಅಂಗಡಿ ನೌಕರರು, ಚಾಲಕರು ಹೀಗೆ ಬೇರೆ ಕೆಲಸದಲ್ಲಿರುವವರನ್ನು ಸಾವಿರಗಟ್ಟಲೆ ಸೇರಿಸಿ, ಪ್ರತಿಯೊಬ್ಬರೂ ತಮ್ಮ ನೆಂಟರಿಷ್ಟರಿಗೆ ನಾಲ್ಕಾರು ಪಾಲಿಸಿ ಮಾರಿದರೆ ಸಾಕು ಎಂಬ ಲೆಕ್ಕವನ್ನು ವಿಲಿಯಮ್ಸ್ ಹೂಡಿದ. ಈ ಸಂಸ್ಥೆ ಮುಂದೆ ಪ್ರೈಮೆರಿಕಾ ಆಯಿತು. ಟ್ರಾವೆಲರ್ಸ್, ಬಳಿಕ ಸಿಟಿಗ್ರೂಪ್‌ಗಳ ಭಾಗವಾಗಿದ್ದು, 2010ರಲ್ಲಿ ಸ್ವತಂತ್ರ ಕಂಪನಿಯಾಗಿ ನ್ಯೂಯಾರ್ಕ್ ಷೇರುಪೇಟೆಗೆ ಬಂದಿತು.

ವಿಲಿಯಮ್ಸ್‌ನ ಗರಡಿಯಲ್ಲಿ ಪಳಗಿದ ಹ್ಯೂಬರ್ಟ್ ಹಂಫ್ರಿ 1991ರಲ್ಲಿ ವರ್ಲ್ಡ್ ಮಾರ್ಕೆಟಿಂಗ್ ಅಲಯನ್ಸ್ ಕಟ್ಟಿದ. 2001ರಲ್ಲಿ ನೆದರ್ಲೆಂಡ್ಸ್‌ನ ಏಗಾನ್ ಕಂಪನಿ ಅದನ್ನು ಕೊಂಡು ವರ್ಲ್ಡ್ ಫೈನಾನ್ಷಿಯಲ್ ಗ್ರೂಪ್ ಎಂದು ಹೆಸರಿಟ್ಟಿತು. 2023ರ ಕೊನೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಅದರ ಲೈಸೆನ್ಸ್ ಪಡೆದ ಏಜೆಂಟರ ಸಂಖ್ಯೆ 70 ಸಾವಿರ ದಾಟಿತ್ತು. 2027ರೊಳಗೆ ಅದನ್ನು 1.1 ಲಕ್ಷಕ್ಕೆ ಏರಿಸುವ ಗುರಿಯನ್ನು ಕಂಪನಿ ಹೂಡಿಕೆದಾರರ ಮುಂದಿಟ್ಟಿತ್ತು. 2009ರಲ್ಲಿ ಪ್ಯಾಟ್ರಿಕ್ ಬೆಟ್-ಡೇವಿಡ್ 66 ಏಜೆಂಟರೊಂದಿಗೆ ಶುರುಮಾಡಿದ ಪಿಎಚ್‌ಪಿ ಏಜೆನ್ಸಿ ಇದೇ ಪರಂಪರೆಯ ಇನ್ನೊಂದು ಕೊಂಬೆ. 2022ರಲ್ಲಿ ಇಂಟೆಗ್ರಿಟಿ ಮಾರ್ಕೆಟಿಂಗ್ ಗ್ರೂಪ್ ಅದನ್ನು ಕೊಂಡಿತು.

ಈ ಬೆಳವಣಿಗೆಯ ನಡುವೆ ಮಾರುವ ಪಾಲಿಸಿಯೂ ಬದಲಾಯಿತು. ಪ್ರೈಮೆರಿಕಾ ಟರ್ಮ್ ವಿಮೆಗೇ ಅಂಟಿಕೊಂಡಿದೆ. ನಂತರ ಬಂದ ಜಾಲಗಳು ಹೆಚ್ಚಾಗಿ ಇಂಡೆಕ್ಸ್ಡ್ ಯೂನಿವರ್ಸಲ್ ಲೈಫ್ ಎಂಬ, ಷೇರು ಸೂಚ್ಯಂಕಕ್ಕೆ ಬಡ್ಡಿಯನ್ನು ಜೋಡಿಸಿದ ಆಜೀವ ಪಾಲಿಸಿಗಳತ್ತ ವಾಲಿದವು. ಇವುಗಳ ಪ್ರೀಮಿಯಂ ಟರ್ಮ್ ಪಾಲಿಸಿಯ ಎಷ್ಟೋ ಪಟ್ಟು. ಕಮಿಷನ್ನೂ ಆ ಅಳತೆಯದೇ. ವಿಲಿಯಮ್ಸ್ ಯಾವ ಬಗೆಯ ಪಾಲಿಸಿಯ ವಿರುದ್ಧ ದನಿಯೆತ್ತಿದ್ದನೋ ಆ ಬಗೆಯದಕ್ಕೇ ಅವನು ರೂಪಿಸಿದ ಜಾಲದ ಮಾದರಿ ಮಾರುಕಟ್ಟೆ ಒದಗಿಸಿದ್ದು ಈ ಚರಿತ್ರೆಯ ಗಮನಿಸಬೇಕಾದ ತಿರುವು.

ಕಮಿಷನ್ ಹರಿಯುವ ದಾರಿ

ಆದಾಯದ ಭರವಸೆಗಳನ್ನು ಅಳೆಯಬೇಕಾದರೆ ಮೊದಲು ಹಣದ ದಾರಿ ತಿಳಿಯಬೇಕು. ಜೀವವಿಮೆಯಲ್ಲಿ ಕಮಿಷನ್‌ನ ಬಹುಪಾಲು ಮೊದಲ ವರ್ಷದಲ್ಲೇ ಸಿಗುತ್ತದೆ. ಅಮೆರಿಕದ ಕಂಪನಿಗಳು ಮೊದಲ ವರ್ಷದ ಪ್ರೀಮಿಯಂನಷ್ಟೇ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಣವನ್ನು ಮಾರಾಟ ಸಂಸ್ಥೆಗೆ ಕೊಡುವುದುಂಟು. ಆ ಹಣ ಜಾಲದ ಹಂತಗಳಲ್ಲಿ ಹಂಚಿಕೆಯಾಗುತ್ತದೆ. ಪ್ರತಿ ಹಂತಕ್ಕೂ ಒಂದು ಶೇಕಡಾವಾರು ದರವಿದ್ದು, ಮೇಲಿನವರಿಗೆ ಸಿಗುವುದು ತಮ್ಮ ದರಕ್ಕೂ ಕೆಳಗಿನವರ ದರಕ್ಕೂ ಇರುವ ವ್ಯತ್ಯಾಸ. ಇದಕ್ಕೆ ಓವರ್‌ರೈಡ್ ಎನ್ನುತ್ತಾರೆ.

ಒಂದು ಕಲ್ಪಿತ ಲೆಕ್ಕ ನೋಡಬಹುದು. ವರ್ಷಕ್ಕೆ 1,200 ಡಾಲರ್ ಪ್ರೀಮಿಯಂನ ಪಾಲಿಸಿ ಮಾರಾಟವಾಯಿತು, ಕಂಪನಿ ಅಷ್ಟನ್ನೂ ಕಮಿಷನ್ನಾಗಿ ಕೊಟ್ಟಿತು ಎಂದಿಟ್ಟುಕೊಂಡರೆ, ಶೇ 25ರ ದರದ ಹೊಸ ಏಜೆಂಟನಿಗೆ ದಕ್ಕುವುದು 300 ಡಾಲರ್. ಅವನ ಮೇಲಿನ ಶೇ 50ರ ಹಂತದವರಿಗೆ ವ್ಯತ್ಯಾಸದ ಶೇ 25, ಅಂದರೆ ಮತ್ತೆ 300. ಅದರ ಮೇಲೆ ಶೇ 65ರ ಹಂತದವರಿಗೆ 180. ಉಳಿದ 420 ಡಾಲರ್ ಇನ್ನೂ ಮೇಲಕ್ಕೆ. ಪಾಲಿಸಿ ಕೊಂಡವರು ಹೊಸ ಏಜೆಂಟನ ಅಕ್ಕನೋ ಗೆಳೆಯನೋ ಆಗಿದ್ದರೂ ಹಣದ ಮುಕ್ಕಾಲು ಪಾಲು ಅವನಿಗೆ ಸಿಗಲಿಲ್ಲ. ಇದರಲ್ಲಿ ಅಕ್ರಮವೇನೂ ಇಲ್ಲ. ತರಬೇತಿ ಮತ್ತು ಮೇಲ್ವಿಚಾರಣೆಗೆ ಅದು ಸಂಭಾವನೆ ಎಂಬುದು ಸಂಸ್ಥೆಗಳ ಸಮರ್ಥನೆ.

ಕಮಿಷನ್ ಮುಂಗಡವಾಗಿ ಸಿಗುವುದು ಇನ್ನೊಂದು ಮುಖ್ಯ ಅಂಶ. ಗ್ರಾಹಕ ಒಂದು ತಿಂಗಳ ಕಂತು ಕಟ್ಟಿದೊಡನೆ ಏಜೆಂಟನಿಗೆ ಒಂಬತ್ತು ತಿಂಗಳ ಕಮಿಷನ್ ಕೊಟ್ಟುಬಿಡುವ ಪದ್ಧತಿ ಇದೆ. ಮೇಲಿನ ಲೆಕ್ಕದಲ್ಲಿ ಅದು 225 ಡಾಲರ್. ನಾಲ್ಕು ತಿಂಗಳು ಕಟ್ಟಿ ಗ್ರಾಹಕ ಪಾಲಿಸಿ ಬಿಟ್ಟರೆ ಏಜೆಂಟ್ ನಿಜವಾಗಿ ಗಳಿಸಿದ್ದು 100 ಡಾಲರ್ ಮಾತ್ರ. ಉಳಿದ 125 ಡಾಲರ್ ಹಿಂದಿರುಗಿಸಬೇಕು. ಈ ಚಾರ್ಜ್‌ಬ್ಯಾಕ್ ಓವರ್‌ರೈಡ್ ಪಡೆದವರಿಗೂ ತಟ್ಟುತ್ತದೆ. ನೆಂಟರ ಮಾತು ಮೀರಲಾಗದೆ ಕೊಂಡ ಪಾಲಿಸಿಗಳು ಕಂತು ನಿಂತು ಬೇಗ ಲ್ಯಾಪ್ಸ್ ಆಗುವ ಅಪಾಯ ಹೆಚ್ಚು. ಹೀಗಾಗಿ ಸೇರಿದ ಮೂರನೇ ತಿಂಗಳಲ್ಲಿ ವೇದಿಕೆಯ ಮೇಲೆ ತೋರಿಸಿದ ಚೆಕ್ಕಿನ ಮೊತ್ತಕ್ಕೂ ವರ್ಷದ ಕೊನೆಗೆ ಕೈಯಲ್ಲಿ ಉಳಿಯುವ ಹಣಕ್ಕೂ ದೊಡ್ಡ ಅಂತರವಿರಬಹುದು.

ಏಜೆಂಟರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಸಂಬಳ, ಆರೋಗ್ಯ ವಿಮೆ, ಕನಿಷ್ಠ ವೇತನ ಯಾವುದೂ ಇರುವುದಿಲ್ಲ. ಸೇರುವ ಶುಲ್ಕ ಸಾಮಾನ್ಯವಾಗಿ ನೂರು ಡಾಲರ್‌ನ ಆಸುಪಾಸು. ಅದರ ಮೇಲೆ ತಿಂಗಳ ತಂತ್ರಾಂಶ ಶುಲ್ಕ, ಲೈಸೆನ್ಸ್ ಮತ್ತು ಅದರ ನವೀಕರಣ, ವೃತ್ತಿಲೋಪದ ವಿಮೆ, ಪೆಟ್ರೋಲು, ಸಮಾವೇಶದ ಟಿಕೆಟ್ಟು, ಹೋಟೆಲ್ ಖರ್ಚು. ಸೋಪಿನ ಜಾಲಗಳಲ್ಲಿ ಮನೆ ತುಂಬುವ ಸರಕಿಗೆ ಹೋಲಿಸಿದರೆ ಇವು ಸಣ್ಣ ಮೊತ್ತಗಳೇ. ಆದರೆ ಗಳಿಕೆಯೂ ಸಣ್ಣದಾಗಿದ್ದಾಗ ಲಾಭವನ್ನು ನಷ್ಟಕ್ಕೆ ತಿರುಗಿಸಲು ಇಷ್ಟು ಸಾಕಾಗುತ್ತದೆ.

ಸೇರಿಸಿಕೊಳ್ಳುವ ಬಗೆ

ಹೊಸಬರನ್ನು ತಲುಪುವ ದಾರಿಗಳು ಮುಖ್ಯವಾಗಿ ಎರಡು: ಉದ್ಯೋಗ ಜಾಹೀರಾತು ಮತ್ತು ಪರಿಚಯ. ಉದ್ಯೋಗದ ಜಾಲತಾಣಗಳಲ್ಲಿ ಹಣಕಾಸು ಸೇವೆಯ ಮ್ಯಾನೇಜರ್ ತರಬೇತಿ ಎಂಬಂಥ ಹೆಸರಿನ ಪ್ರಕಟಣೆಗಳು ಬರುತ್ತವೆ. ರೆಸ್ಯೂಮೆ ನೋಡಿ ಮೆಚ್ಚಿದೆವು ಎಂದು ಕರೆ ಮಾಡಿ ಸಂದರ್ಶನಕ್ಕೆ ಕರೆಯುತ್ತಾರೆ. ಹೋದವರಿಗೆ ಎದುರಾಗುವುದು ಹತ್ತಾರು ಜನ ಕುಳಿತ ಸಭಾಂಗಣ ಅಥವಾ ಝೂಮ್ ಸಭೆ. ಆಯ್ಕೆಯ ಪ್ರಶ್ನೆಯೇ ಅಲ್ಲಿರುವುದಿಲ್ಲ. ಶುಲ್ಕ ಕಟ್ಟಿದ ಎಲ್ಲರೂ ಸೇರಬಹುದು. ಕಮಿಷನ್ ಗುತ್ತಿಗೆಯನ್ನು ಉದ್ಯೋಗವೆಂದೂ ಪ್ರಚಾರ ಸಭೆಯನ್ನು ಸಂದರ್ಶನವೆಂದೂ ಕರೆಯುವುದು ಈ ಕ್ಷೇತ್ರದ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಆಕ್ಷೇಪ. ಹೆಚ್ಚಾಗಿ ಇದಕ್ಕೆ ಗುರಿಯಾಗುವವರು ಆಗಷ್ಟೇ ಪದವಿ ಮುಗಿಸಿದವರು ಮತ್ತು ಕೆಲಸ ಕಳೆದುಕೊಂಡವರು.

ಪರಿಚಯದ ದಾರಿ ಇನ್ನೂ ಬಲವಾದುದು. ಸೇರಿದ ಮೊದಲ ವಾರದಲ್ಲೇ ಹೊಸಬನಿಂದ ಬಂಧುಗಳು, ಗೆಳೆಯರು, ಸಹೋದ್ಯೋಗಿಗಳು, ನೆರೆಹೊರೆಯವರ ಪಟ್ಟಿ ಬರೆಸುತ್ತಾರೆ. ಇಪ್ಪತ್ತೈದು ಹೆಸರಿನಿಂದ ನೂರು ಹೆಸರಿನವರೆಗೆ ಪಟ್ಟಿ ಬೆಳೆಯುತ್ತದೆ. ಮದುವೆಯಾದವರು, ಮಕ್ಕಳಿರುವವರು, ಸ್ವಂತ ಮನೆಯಿರುವವರು, ಈಗಿನ ಕೆಲಸದಲ್ಲಿ ತೃಪ್ತಿಯಿಲ್ಲದವರು ಎಂದು ಹೆಸರಿನ ಮುಂದೆ ಗುರುತು ಹಾಕಿಸುವುದುಂಟು. ಮೊದಲ ಮೂರು ಗುರುತುಗಳು ಒಳ್ಳೆಯ ಗ್ರಾಹಕರನ್ನೂ ಕೊನೆಯದು ಮುಂದೆ ಸೇರಬಹುದಾದವರನ್ನೂ ತೋರಿಸುತ್ತವೆ. ಹೊಸಬನಿಗೆ ಇನ್ನೂ ಲೈಸೆನ್ಸ್ ಇಲ್ಲದ್ದರಿಂದ ತರಬೇತಿಯ ಹೆಸರಿನಲ್ಲಿ ಮೇಲಿನವರು ಅವನೊಡನೆ ಆ ಮನೆಗಳಿಗೆ ಹೋಗುತ್ತಾರೆ. ಹೊಸಬ ಕೂತು ನೋಡುತ್ತಾನೆ, ಪಾಲಿಸಿ ಬರೆಯುವುದು ಮತ್ತು ಕಮಿಷನ್ ಪಡೆಯುವುದು ಲೈಸೆನ್ಸ್ ಇರುವ ಮೇಲಿನವರು.

ಈ ವ್ಯವಸ್ಥೆಯ ಆರ್ಥಿಕ ತಿರುಳು ಇಲ್ಲಿದೆ. ಜಾಲದ ದೃಷ್ಟಿಯಲ್ಲಿ ಹೊಸಬನ ಬೆಲೆ ಅವನು ಮುಂದೆ ಮಾಡಬಹುದಾದ ಮಾರಾಟದಲ್ಲಷ್ಟೇ ಇಲ್ಲ, ಅವನು ತರುವ ನಂಬಿಕೆಯ ಸಂಬಂಧಗಳಲ್ಲೂ ಇದೆ. ಎರಡು ತಿಂಗಳಲ್ಲಿ ಅವನು ಬಿಟ್ಟುಹೋದರೂ ಅವನ ಚಿಕ್ಕಪ್ಪನ ಪಾಲಿಸಿ, ಗೆಳತಿಯ ಪಾಲಿಸಿ ಮೇಲಿನವರ ಖಾತೆಯಲ್ಲಿ ಉಳಿಯುತ್ತವೆ. ಪೂರ್ಣಾವಧಿ ಏಜೆಂಟರ ಮೇಲೆ ತರಬೇತಿ ಭತ್ಯೆ ಖರ್ಚು ಮಾಡುವ ಸಾಂಪ್ರದಾಯಿಕ ವಿಮಾ ಕಂಪನಿಗೆ ಏಜೆಂಟ್ ಬಿಟ್ಟುಹೋಗುವುದು ನಷ್ಟ. ಬಹುಹಂತದ ಜಾಲಕ್ಕೆ ಅದು ಅಷ್ಟು ನಷ್ಟವಲ್ಲ. ಬಂದವರು ನಿಲ್ಲುವುದಕ್ಕಿಂತ ಹೊಸಬರು ಬರುತ್ತಲೇ ಇರುವುದಕ್ಕೆ ಇಲ್ಲಿ ಹೆಚ್ಚು ಒತ್ತು ಬೀಳುವುದು ಇದರಿಂದಲೇ. ಹೊಸಬನೇ ಮೊದಲ ಗ್ರಾಹಕನಾಗುವುದೂ ಸಾಮಾನ್ಯ: ತಾನು ನಂಬದ್ದನ್ನು ಇತರರಿಗೆ ಮಾರಲಾಗದು ಎಂಬ ಮಾತಿಗೆ ಓಗೊಟ್ಟು ತನ್ನ, ತನ್ನ ಹೆಂಡತಿಯ ಜೀವದ ಮೇಲೆ ಪಾಲಿಸಿ ಮಾಡಿಸುತ್ತಾನೆ.

ವಲಸಿಗ ಸಮುದಾಯಗಳಲ್ಲಿ ಈ ನೇಮಕಾತಿ ವಿಶೇಷವಾಗಿ ಬೇರೂರಿದೆ. ಫಿಲಿಪಿನೋ, ವಿಯೆಟ್ನಾಮೀ, ಲ್ಯಾಟಿನೋ, ಚೀನೀ ಮತ್ತು ಭಾರತೀಯ ಮೂಲದವರ ನಡುವೆ ಭಾಷೆ, ಊರು, ದೇವಸ್ಥಾನ, ಚರ್ಚುಗಳ ನಂಟು ಒಂದು ಸಿದ್ಧ ಜಾಲ. ಅಮೆರಿಕದಲ್ಲಿರುವ ಭಾರತೀಯರಿಗೆ ವಾಲ್‌ಮಾರ್ಟ್, ಕಾಸ್ಟ್‌ಕೊ ಅಥವಾ ಭಾರತೀಯ ದಿನಸಿ ಅಂಗಡಿಯಲ್ಲಿ ಅಪರಿಚಿತರೊಬ್ಬರು ನೀವು ಯಾವ ಕಡೆಯವರು ಎಂದು ಮಾತಿಗಿಳಿದು, ಫೋನ್ ನಂಬರ್ ಪಡೆದು, ಕೆಲವು ದಿನಗಳ ಮೇಲೆ ಬಿಸಿನೆಸ್ ಅವಕಾಶದ ಪ್ರಸ್ತಾಪ ತರುವ ಅನುಭವ ಹೊಸತಲ್ಲ. ಕನ್ನಡಿಗರೂ ಇದಕ್ಕೆ ಹೊರತಲ್ಲ. ಇಲ್ಲಿ ಹಣಕ್ಕಿಂತ ದೊಡ್ಡ ಅಪಾಯವೊಂದಿದೆ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರು ತಮ್ಮ ಪರವಾಗಿ ಅರ್ಜಿ ಹಾಕಿದ ಉದ್ಯೋಗದಾತನ ಬಳಿ ಮಾತ್ರ ದುಡಿಯಬಹುದು. ಬಿಡುವಿನ ವೇಳೆಯಲ್ಲಿ ಸ್ವತಂತ್ರ ಗುತ್ತಿಗೆದಾರನಾಗಿ ವಿಮೆ ಮಾರಿ ಕಮಿಷನ್ ಪಡೆಯುವುದು ವೀಸಾ ಷರತ್ತಿನ ಉಲ್ಲಂಘನೆ. 2015ರ ಮೇ ತಿಂಗಳಿಂದ ಎಚ್-1ಬಿಯವರ ಸಂಗಾತಿಗಳಲ್ಲಿ, ಎಚ್-4 ವೀಸಾದ ಕೆಲವು ವರ್ಗದವರಿಗೆ ದುಡಿಯುವ ಪರವಾನಗಿ ಸಿಗತೊಡಗಿದ ಮೇಲೆ ಅವರಿಗೆ ಈ ಬಾಗಿಲು ಕಾನೂನುಬದ್ಧವಾಗಿ ತೆರೆದುಕೊಂಡಿತು. ಓದಿದ್ದೂ ವರ್ಷಗಟ್ಟಲೆ ಮನೆಯಲ್ಲೇ ಉಳಿಯಬೇಕಾಗಿದ್ದ ಹೆಣ್ಣುಮಕ್ಕಳಿಗೆ ಸ್ವಂತ ಗಳಿಕೆಯ ಮಾತು ಎಷ್ಟು ಆಕರ್ಷಕವೆಂದು ಬಿಡಿಸಿ ಹೇಳಬೇಕಿಲ್ಲ.

ಆದಾಯದ ಭರವಸೆಗಳ ರೂಪ

ನೇಮಕಾತಿ ಸಭೆಗಳಲ್ಲಿ ಹೇಳುವ ಅಂಕಿಗಳು ಹಸಿ ಸುಳ್ಳಾಗಿರುವುದು ಅಪರೂಪ. ವೇದಿಕೆ ಏರಿದ ವ್ಯಕ್ತಿ ವರ್ಷಕ್ಕೆ ಮೂರು ಲಕ್ಷ ಡಾಲರ್ ಗಳಿಸಿದ್ದು ನಿಜವೇ ಇರಬಹುದು. ಕೇಳುಗರು ದಾರಿ ತಪ್ಪುವುದು ಆ ಅಂಕಿಯಿಂದಲ್ಲ. ಅದರ ಹಿಂದೆ ಎಷ್ಟು ಜನರಿದ್ದಾರೆ, ಎಷ್ಟು ವರ್ಷ ಹಿಡಿಯಿತು, ಖರ್ಚು ಎಷ್ಟು ಎಂಬುದನ್ನು ಹೇಳದಿರುವುದರಿಂದ.

ಅತಿ ಸಾಮಾನ್ಯವಾದ ರೂಪ ವ್ಯಕ್ತಿಕಥೆ. ಬಡತನದಿಂದ ಬಂದವರು, ಇಂಗ್ಲಿಷ್ ಸರಿಯಾಗಿ ಬಾರದವರು, ಎರಡು ಕಡೆ ಕೂಲಿ ಮಾಡುತ್ತಿದ್ದವರು ಈಗ ದೊಡ್ಡ ಮನೆಯಲ್ಲಿದ್ದಾರೆ ಎಂಬ ಕಥೆಗಳಿಗೆ ಚೆಕ್ಕಿನ ಚಿತ್ರ, ಕಾರು, ವಿದೇಶ ಪ್ರವಾಸದ ಫೋಟೋಗಳು ಸಾಕ್ಷಿಯಾಗುತ್ತವೆ. ಲಕ್ಷ ಡಾಲರ್ ಗಳಿಸಿದವರಿಗೆ ಸಮಾವೇಶದಲ್ಲಿ ಉಂಗುರ ತೊಡಿಸುವ ಪದ್ಧತಿ ಇದೆ. ಆ ಲಕ್ಷ ಡಾಲರ್ ಖರ್ಚು ಕಳೆಯುವ ಮೊದಲಿನ ಮೊತ್ತ. ಕಚೇರಿ ಬಾಡಿಗೆ, ಸಿಬ್ಬಂದಿ, ಚಾರ್ಜ್‌ಬ್ಯಾಕ್, ಸ್ವಯಂ ಉದ್ಯೋಗದ ತೆರಿಗೆ ಎಲ್ಲವೂ ಅದರಲ್ಲೇ ಹೋಗಬೇಕು.

ಇನ್ನೊಂದು ರೂಪ ಹಲಗೆಯ ಮೇಲಿನ ಗುಣಾಕಾರ. ನೀವು ಐವರನ್ನು ತಂದು, ಅವರು ತಲಾ ಐವರನ್ನು ತಂದರೆ, ಪ್ರತಿಯೊಬ್ಬರೂ ತಿಂಗಳಿಗೆ ಮೂರು ಪಾಲಿಸಿ ಮಾರಿದರೆ ಎಂದು ಲೆಕ್ಕ ಬೆಳೆಯುತ್ತದೆ. ಆರನೇ ಸುತ್ತಿಗೆ 15,625 ಜನ ಬೇಕು. ಹದಿಮೂರನೇ ಸುತ್ತಿಗೆ 122 ಕೋಟಿ. ಅಮೆರಿಕದ ಜನಸಂಖ್ಯೆ ಸುಮಾರು 34 ಕೋಟಿ. ವಿಮೆಯಲ್ಲಿ ಮಿತಿ ಇದಕ್ಕಿಂತಲೂ ಬೇಗ ಎದುರಾಗುತ್ತದೆ: ಒಬ್ಬ ಗ್ರಾಹಕನಿಗೆ ಜೀವವಿಮೆ ಸಾಮಾನ್ಯವಾಗಿ ಒಮ್ಮೆ ಬೇಕು, ಸೋಪಿನಂತೆ ಪ್ರತಿ ತಿಂಗಳೂ ಅಲ್ಲ. ಪರಿಚಿತರ ಪಟ್ಟಿ ಮುಗಿದೊಡನೆ ಏಜೆಂಟ್ ಅಪರಿಚಿತರಿಗೆ ಮಾರುವುದನ್ನು ಕಲಿಯಬೇಕು, ಇಲ್ಲವೇ ಹೊಸ ಪಟ್ಟಿಯುಳ್ಳ ಹೊಸಬನನ್ನು ಹುಡುಕಬೇಕು. ಎರಡನೆಯದೇ ಸುಲಭ.

ಮೂರನೆಯದು ಕೆಲವೇ ವಾರಗಳ ಗಳಿಕೆಯನ್ನು ವರ್ಷಕ್ಕೆ ಹಿಗ್ಗಿಸುವುದು. ನೆಂಟರೆಲ್ಲ ಪಾಲಿಸಿ ಮಾಡಿಸಿದ ಮೊದಲ ತಿಂಗಳ ಮುಂಗಡವನ್ನು ಹನ್ನೆರಡರಿಂದ ಗುಣಿಸಿದರೆ ಬರುವ ಮೊತ್ತ ಯಾರ ಕೈಗೂ ಎಂದೂ ಸಿಗದು.

ನಾಲ್ಕನೆಯದು ಸರಾಸರಿ, ಮತ್ತು ಅದು ಎಲ್ಲಕ್ಕಿಂತ ನಯವಾದುದು. ಪ್ರೈಮೆರಿಕಾ ತನ್ನ ಪ್ರಚಾರ ಸಾಹಿತ್ಯದ ಅಡಿಟಿಪ್ಪಣಿಗಳಲ್ಲಿ ಲೈಸೆನ್ಸ್ ಇರುವ ಪ್ರತಿನಿಧಿಯೊಬ್ಬರಿಗೆ ಸರಾಸರಿ ಎಷ್ಟು ಹಣ ಸಂದಾಯವಾಯಿತೆಂದು ಪ್ರಕಟಿಸುತ್ತ ಬಂದಿದೆ. 2010ರ ದಶಕದ ಉತ್ತರಾರ್ಧದಲ್ಲಿ ಅದು ವರ್ಷಕ್ಕೆ ಸುಮಾರು 6 ಸಾವಿರ ಡಾಲರ್ ಇತ್ತು. ಹೀಗೆ ಪ್ರಕಟಿಸುವುದೇ ಮೆಚ್ಚತಕ್ಕ ಸಂಗತಿ, ಏಕೆಂದರೆ ಎಷ್ಟೋ ಜಾಲಗಳು ಅಷ್ಟನ್ನೂ ಮಾಡುವುದಿಲ್ಲ. ಆದರೂ ಆ ಅಂಕಿಯನ್ನು ಓದುವ ಕ್ರಮ ಬೇರೆ. ನೂರು ಏಜೆಂಟರಿಗೆ ಒಟ್ಟು 6 ಲಕ್ಷ ಡಾಲರ್ ಸಂದು, ಅದರಲ್ಲಿ 4 ಲಕ್ಷ ಮೇಲಿನ ಐವರಿಗೆ ಹೋಗಿದ್ದರೆ ಸರಾಸರಿ 6 ಸಾವಿರವೇ. ಉಳಿದ 95 ಜನರ ಸರಾಸರಿ ಮಾತ್ರ 2,105 ಡಾಲರ್. ನಡುವಿನ ಏಜೆಂಟನ ಗಳಿಕೆಯನ್ನು ತಿಳಿಸುವ ಮಧ್ಯಾಂಕ ಈ ಪ್ರಕಟಣೆಯಲ್ಲಿ ಇರುವುದಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ವಿಮಾ ಏಜೆಂಟರ ವಾರ್ಷಿಕ ವೇತನದ ಮಧ್ಯಾಂಕ ಸುಮಾರು 59 ಸಾವಿರ ಡಾಲರ್. ನೇಮಕಾತಿ ಮಾಡುವವರು ಈ ಅಂಕಿಯನ್ನು ಬಳಸಿದರೆ ಅದು ತಪ್ಪು ಹೋಲಿಕೆಯಾಗುತ್ತದೆ: ಆ ಸಮೀಕ್ಷೆಯಲ್ಲಿ ಸಂಬಳದ ನೌಕರರು ಮಾತ್ರ ಸೇರಿದ್ದಾರೆ, ಸ್ವಂತ ಲೆಕ್ಕದಲ್ಲಿ ದುಡಿಯುವವರು ಇಲ್ಲ.

ಯಾರನ್ನು ಲೆಕ್ಕಕ್ಕೆ ಹಿಡಿಯಲಾಗಿದೆ ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಷೇರುಪೇಟೆಯಲ್ಲಿರುವ ಕಂಪನಿಯಾದ್ದರಿಂದ ಪ್ರೈಮೆರಿಕಾ ತನ್ನ ನೇಮಕಾತಿಯ ಅಂಕಿಗಳನ್ನು ಪ್ರತಿವರ್ಷ ಪ್ರಕಟಿಸುತ್ತದೆ. 2023ರಲ್ಲಿ ಹೊಸದಾಗಿ ಹೆಸರು ನೋಂದಾಯಿಸಿದವರು ಸುಮಾರು 3.6 ಲಕ್ಷ. ಅದೇ ವರ್ಷ ಜೀವವಿಮೆಯ ಹೊಸ ಲೈಸೆನ್ಸ್ ಪಡೆದವರು ಸುಮಾರು 49 ಸಾವಿರ. ವರ್ಷದ ಆರಂಭದಲ್ಲಿ ಲೈಸೆನ್ಸ್ ಇದ್ದವರು ಸುಮಾರು 1.35 ಲಕ್ಷ, ಕೊನೆಯಲ್ಲಿ ಸುಮಾರು 1.41 ಲಕ್ಷ. ಅಂದರೆ 49 ಸಾವಿರ ಜನ ಒಳಗೆ ಬಂದರೂ ಒಟ್ಟು ಸಂಖ್ಯೆ ಹೆಚ್ಚಿದ್ದು 6 ಸಾವಿರದಷ್ಟು. 40 ಸಾವಿರಕ್ಕೂ ಹೆಚ್ಚು ಜನ ಹೊರಹೋದರು. ಹೆಸರು ಬರೆಸಿದ ನೂರು ಜನಕ್ಕೆ ಲೈಸೆನ್ಸ್‌ವರೆಗೆ ತಲುಪಿದವರು ಹದಿಮೂರು ಹದಿನಾಲ್ಕು ಮಂದಿ. ಮಿಕ್ಕವರು ಶುಲ್ಕ ಕಟ್ಟಿರಬಹುದು, ಪಟ್ಟಿ ಬರೆದುಕೊಟ್ಟಿರಬಹುದು, ನೆಂಟರ ಮನೆಗೆ ಕರೆದೊಯ್ದಿರಬಹುದು. ಆದರೆ ಲೈಸೆನ್ಸ್ ಇರುವವರ ಸರಾಸರಿಯಲ್ಲಿ ಅವರ ಸೊನ್ನೆ ಸೇರುವುದಿಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಸಾಂಪ್ರದಾಯಿಕ ಜೀವವಿಮಾ ಕಂಪನಿಗಳಲ್ಲೂ ಹೊಸ ಏಜೆಂಟರಲ್ಲಿ ಬಹುಪಾಲು ಜನ ಮೊದಲ ನಾಲ್ಕು ವರ್ಷಗಳೊಳಗೆ ಕೆಲಸ ಬಿಡುತ್ತಾರೆ. ಬಿಡುವಿನಲ್ಲಿ ದುಡಿಯಲೆಂದೇ ಸೇರಿ ವರ್ಷಕ್ಕೆ ಎರಡು ಸಾವಿರ ಡಾಲರ್ ಬಂದರೆ ಸಾಕು ಎನ್ನುವವರೂ ಜಾಲಗಳಲ್ಲಿದ್ದಾರೆ. ಕಡಿಮೆ ಗಳಿಕೆಯೇ ವಂಚನೆಗೆ ಪುರಾವೆಯಲ್ಲ. ಅಷ್ಟೇ ಗಳಿಕೆ ಎಂದು ಮೊದಲೇ ತಿಳಿಸಿದ್ದರೆ ಎಷ್ಟು ಜನ ಸೇರುತ್ತಿದ್ದರು ಎಂಬುದೇ ಕೇಳಬೇಕಾದ ಪ್ರಶ್ನೆ.

ಎಲ್ಲ ಬಗೆಯ ಬಹುಹಂತದ ಜಾಲಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಸಿಬ್ಬಂದಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ವರದಿ ಪ್ರಕಟಿಸಿದರು. 70 ಸಂಸ್ಥೆಗಳ ಆದಾಯ ಪ್ರಕಟಣೆಗಳನ್ನು ಪರಿಶೀಲಿಸಿದಾಗ ಬಹುತೇಕ ಸದಸ್ಯರ ವರ್ಷದ ಗಳಿಕೆ 1,000 ಡಾಲರ್ ಅಥವಾ ಅದಕ್ಕೂ ಕಡಿಮೆ ಎಂದು ಕಂಡಿತು. ತಿಂಗಳಿಗೆ 84 ಡಾಲರ್‌ಗಿಂತ ಕಡಿಮೆ. ಕನಿಷ್ಠ 17 ಜಾಲಗಳಲ್ಲಿ ಹೆಚ್ಚಿನವರಿಗೆ ಏನೂ ಸಿಕ್ಕಿರಲಿಲ್ಲ. ಬಹುಪಾಲು ಪ್ರಕಟಣೆಗಳು ಖರ್ಚನ್ನು ಕಳೆದಿರಲಿಲ್ಲ; ಏನೂ ಗಳಿಸದವರನ್ನು ಲೆಕ್ಕದಿಂದಲೇ ಬಿಟ್ಟವೂ ಅನೇಕ.

ಗ್ರಾಹಕರ ಮೇಲಿನ ಪರಿಣಾಮ

ಏಜೆಂಟನ ಮೇಲೆ ಬೀಳುವ ಒತ್ತಡ ಕೊನೆಗೆ ಪಾಲಿಸಿದಾರನ ಮನೆ ತಲುಪುತ್ತದೆ. ಇರುವ ಪಾಲಿಸಿಯನ್ನು ಬಿಡಿಸಿ ಹೊಸದು ಮಾಡಿಸುವುದು ಮೊದಲ ತೊಂದರೆ. ಅಮೆರಿಕದಲ್ಲಿ ಹೊಸ ಪಾಲಿಸಿಯ ಮೊದಲ ಎರಡು ವರ್ಷ ಅರ್ಜಿಯಲ್ಲಿನ ತಪ್ಪುಗಳನ್ನು ಮುಂದಿಟ್ಟು ಕ್ಲೇಮ್ ಪ್ರಶ್ನಿಸುವ ಹಕ್ಕು ಕಂಪನಿಗಿದೆ. ಬದಲಿಸಿದಾಗಲೆಲ್ಲ ಆ ಎರಡು ವರ್ಷ ಹೊಸದಾಗಿ ಆರಂಭವಾಗುತ್ತದೆ, ವಯಸ್ಸು ಏರಿದಷ್ಟು ಪ್ರೀಮಿಯಂ ಕೂಡ ಏರುತ್ತದೆ. ಆಜೀವ ಪಾಲಿಸಿಯನ್ನು ತೆರಿಗೆಯಿಲ್ಲದ ನಿವೃತ್ತಿ ನಿಧಿ ಎಂಬಂತೆ ಬಣ್ಣಿಸುವುದು ಇನ್ನೊಂದು. ಮೊದಲ ವರ್ಷಗಳಲ್ಲೇ ಬಿಟ್ಟರೆ ಸರೆಂಡರ್ ಶುಲ್ಕ ಕಳೆದು ಕೈಗೆ ಬರುವುದು ಅತ್ಯಲ್ಪ. ಕೆಲವು ವಾರಗಳ ತರಬೇತಿ ಪಡೆದ, ಸ್ವತಃ ಅದೇ ಪಾಲಿಸಿಯಲ್ಲಿ ಹಣ ಹಾಕಿರುವ ಏಜೆಂಟ್ ಈ ಷರತ್ತುಗಳನ್ನು ಮುಚ್ಚಿಡುತ್ತಾನೆ ಎನ್ನುವುದಕ್ಕಿಂತ ಅವನಿಗೇ ಅವು ತಿಳಿದಿರುವುದಿಲ್ಲ ಎನ್ನುವುದು ಹೆಚ್ಚು ಸರಿ.

ಅಮೆರಿಕದ ಕಾನೂನು

ಪಿರಮಿಡ್ ಯೋಜನೆಯನ್ನು ಗುರುತಿಸುವ ಮಾನದಂಡ ಕೋಸ್ಕಾಟ್ ಕಂಪನಿಯ ವಿರುದ್ಧ ಫೆಡರಲ್ ಟ್ರೇಡ್ ಕಮಿಷನ್ ನಡೆಸಿದ ಪ್ರಕರಣದ 1975ರ ತೀರ್ಪಿನಿಂದ ಬಂದಿದೆ: ಗ್ರಾಹಕರಿಗೆ ಮಾಡುವ ಮಾರಾಟಕ್ಕೆ ಸಂಬಂಧವಿಲ್ಲದೆ, ಜನರನ್ನು ಸೇರಿಸಿದ್ದಕ್ಕೇ ಪ್ರತಿಫಲ ಕೊಟ್ಟರೆ ಅದು ಪಿರಮಿಡ್. 1979ರ ಆಮ್‌ವೇ ತೀರ್ಪು ಕೆಲವು ಸುರಕ್ಷಾ ನಿಯಮಗಳಿದ್ದರೆ ಬಹುಹಂತದ ಮಾರಾಟ ಕಾನೂನುಬದ್ಧವೆಂದಿತು. ವಿಮಾ ಜಾಲಗಳು ಈ ಮಾನದಂಡವನ್ನು ಬಹುಮಟ್ಟಿಗೆ ಸುಲಭವಾಗಿ ದಾಟುತ್ತವೆ. ಸೇರಿಸಿದ ತಲೆಗೆ ಇಷ್ಟು ಎಂದು ಅಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಕಮಿಷನ್ ಹುಟ್ಟುವುದು ಪಾಲಿಸಿಯಿಂದ, ಅದೂ ಲೈಸೆನ್ಸ್ ಇರುವವರಿಗೆ ಮಾತ್ರ. ಆದರೆ ಪಾಲಿಸಿ ಕೊಂಡವರಲ್ಲಿ ಏಜೆಂಟರೂ ಅವರ ಮನೆಯವರೂ ಎಷ್ಟು, ಹೊರಗಿನವರೆಷ್ಟು ಎಂಬುದು ಹೊರಗಿನಿಂದ ತಿಳಿಯುವುದಿಲ್ಲ.

ಆದಾಯದ ಭರವಸೆಗಳಿಗೆ ಅನ್ವಯಿಸುವುದು ಮೋಸಗೊಳಿಸುವ ವ್ಯಾಪಾರ ಪದ್ಧತಿಗಳನ್ನು ನಿಷೇಧಿಸುವ ಫೆಡರಲ್ ಟ್ರೇಡ್ ಕಮಿಷನ್ ಕಾಯ್ದೆಯ 5ನೇ ಸೆಕ್ಷನ್. ಅದರಡಿ ಕೇಳುಗರಲ್ಲಿ ಒಟ್ಟಾರೆ ಮೂಡುವ ಅಭಿಪ್ರಾಯ ಮುಖ್ಯ. ಎಲ್ಲರಿಗೂ ಹೀಗೇ ಆಗುವುದಿಲ್ಲ ಎಂಬ ಸಣ್ಣ ಅಕ್ಷರದ ಸಾಲು ರಕ್ಷಣೆ ಕೊಡದು ಎಂಬ ನಿಲುವನ್ನು ಕಮಿಷನ್ 2009ರಲ್ಲೇ ಸ್ಪಷ್ಟಪಡಿಸಿತು. ಕಮಿಷನ್ ಹೊರಿಸಿದ ಇಂಥ ಆರೋಪಗಳ ಇತ್ಯರ್ಥಕ್ಕೆ ಬಹುಹಂತದ ಮಾರಾಟ ಸಂಸ್ಥೆಗಳಾದ ಹರ್ಬಲೈಫ್ 2016ರಲ್ಲಿ 20 ಕೋಟಿ ಡಾಲರ್, ಆಡ್ವೊಕೇರ್ 2019ರಲ್ಲಿ 15 ಕೋಟಿ ಡಾಲರ್ ತೆತ್ತವು. 2021ರ ಅಕ್ಟೋಬರ್‌ನಲ್ಲಿ 1,100ಕ್ಕೂ ಹೆಚ್ಚು ಸಂಸ್ಥೆಗಳಿಗೆ ಆದಾಯದ ಸುಳ್ಳು ಭರವಸೆಯ ಬಗ್ಗೆ ಎಚ್ಚರಿಕೆಯ ನೋಟಿಸು ಹೋಯಿತು. ಅವಕಾಶ ಮಾರುವವರು ಮುಂಚಿತವಾಗಿ ಮಾಹಿತಿ ಕೊಡಬೇಕೆನ್ನುವ 2012ರ ಬಿಸಿನೆಸ್ ಆಪರ್ಚುನಿಟಿ ನಿಯಮದಿಂದ ಬಹುಹಂತದ ಜಾಲಗಳು ಹೊರಗುಳಿದಿದ್ದವು. ಆ ಕೊರತೆ ತುಂಬಲು ಆದಾಯದ ಭರವಸೆಗಳಿಗೆ ಪ್ರತ್ಯೇಕ ನಿಯಮದ ಕರಡನ್ನು ಕಮಿಷನ್ 2025ರ ಜನವರಿಯಲ್ಲಿ ಮುಂದಿಟ್ಟಿತು.

ವಿಮೆಗೆ ಬಂದಾಗ ಇನ್ನೊಂದು ತೊಡಕು. 1945ರ ಮೆಕ್‌ಕ್ಯಾರನ್-ಫರ್ಗುಸನ್ ಕಾಯ್ದೆ ವಿಮಾ ವ್ಯವಹಾರದ ನಿಯಂತ್ರಣವನ್ನು ರಾಜ್ಯಗಳಿಗೆ ಬಿಟ್ಟಿದೆ. ರಾಜ್ಯದ ಕಾನೂನು ಇಲ್ಲದ ಕಡೆ ಮಾತ್ರ ಟ್ರೇಡ್ ಕಮಿಷನ್ ಕಾಲಿಡಬಹುದು. 1980ರ ತಿದ್ದುಪಡಿಯಂತೆ ಸಂಸತ್ತಿನ ಸಂಬಂಧಪಟ್ಟ ಸಮಿತಿ ಕೇಳದೆ ವಿಮಾ ಉದ್ಯಮದ ಬಗ್ಗೆ ಅಧ್ಯಯನವನ್ನೂ ಕಮಿಷನ್ ಕೈಗೊಳ್ಳುವಂತಿಲ್ಲ. ಇತ್ತ ರಾಜ್ಯಗಳ ವಿಮಾ ಇಲಾಖೆಗಳ ಕಣ್ಣು ಪಾಲಿಸಿದಾರರ ಮೇಲಿದೆ: ಪಾಲಿಸಿಯ ಬಗ್ಗೆ ಸುಳ್ಳು ಹೇಳಿದರೆ ಕ್ರಮವುಂಟು, ಏಜೆಂಟನಾಗಲು ಬಂದವನಿಗೆ ಆದಾಯದ ಬಗ್ಗೆ ಸುಳ್ಳು ಹೇಳಿದರೆ ಯಾರನ್ನು ಕೇಳಬೇಕು ಎಂಬುದು ಅಷ್ಟು ಸ್ಪಷ್ಟವಲ್ಲ. ಸೇರಲು ಬಂದವನು ಹೀಗೆ ಎರಡು ನಿಯಂತ್ರಕರ ನಡುವಿನ ಖಾಲಿ ಜಾಗದಲ್ಲಿ ನಿಂತಿರುತ್ತಾನೆ. ಈ ಕ್ಷೇತ್ರದ ಅತಿ ದೊಡ್ಡ ಕೊರತೆ ಇದೇ.

ಕೆನಡಾ

ಕೆನಡಾದ ಕಾನೂನು ಈ ವಿಷಯದಲ್ಲಿ ಹೆಚ್ಚು ನೇರ. ಅಲ್ಲಿನ ಕಾಂಪಿಟಿಷನ್ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಬಹುಹಂತದ ಜಾಲದಲ್ಲಿ ಆದಾಯದ ಮಾತೆತ್ತುವವರು ಸಾಮಾನ್ಯ ಸದಸ್ಯನಿಗೆ ಸಿಗುವ ಗಳಿಕೆಯನ್ನೂ ತಿಳಿಸಲೇಬೇಕು, 55.1ನೇ ಸೆಕ್ಷನ್ ಪಿರಮಿಡ್ ಮಾರಾಟವನ್ನು ಅಪರಾಧವೆನ್ನುತ್ತದೆ. ಆಂಟೇರಿಯೊದ ಹಣಕಾಸು ಸೇವಾ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಹಂತಹಂತದ ನೇಮಕಾತಿ ಮಾಡುವ ವಿಮಾ ಏಜೆನ್ಸಿಗಳನ್ನೇ ಪ್ರತ್ಯೇಕವಾಗಿ ಪರಿಶೀಲಿಸಿತು. ತರಬೇತಿಯ ಕೊರತೆ, ಗ್ರಾಹಕರ ಅಗತ್ಯಕ್ಕೆ ಹೊಂದದ ಯೂನಿವರ್ಸಲ್ ಲೈಫ್ ಪಾಲಿಸಿಗಳ ಮಾರಾಟ ಅದರ ಮುಖ್ಯ ಆಕ್ಷೇಪಗಳು. ನೇಮಕಾತಿಯ ರಚನೆಗೂ ತಪ್ಪು ಮಾರಾಟಕ್ಕೂ ಇರುವ ನಂಟನ್ನು ವಿಮಾ ನಿಯಂತ್ರಕವೊಂದು ನೇರವಾಗಿ ಕೈಗೆತ್ತಿಕೊಂಡದ್ದರಿಂದ ಈ ಪರಿಶೀಲನೆಗೆ ಮಹತ್ವವಿದೆ.

ಭಾರತ

ಭಾರತದ 1938ರ ವಿಮಾ ಕಾಯ್ದೆಯ ಹಳೆಯ ರೂಪದಲ್ಲಿ ಪ್ರಧಾನ ಏಜೆಂಟ್, ಮುಖ್ಯ ಏಜೆಂಟ್, ವಿಶೇಷ ಏಜೆಂಟ್ ಎಂಬ ಪದರಗಳಿದ್ದವು. 2015ರ ತಿದ್ದುಪಡಿ ಈ ಪದರಗಳನ್ನು ತೆಗೆದುಹಾಕಿದ್ದಲ್ಲದೆ, 42ಎ ಸೆಕ್ಷನ್‌ನಲ್ಲಿ ಬಹುಹಂತದ ಮಾರಾಟ ಯೋಜನೆಯ ಮೂಲಕ ವಿಮೆ ಮಾಡಿಸುವುದನ್ನು ನಿಷೇಧಿಸಿತು. ಇದಕ್ಕಾಗಿ ಪೊಲೀಸರಿಗೆ ದೂರು ಕೊಡುವ ಅಧಿಕಾರ ವಿಮಾ ನಿಯಂತ್ರಣ ಪ್ರಾಧಿಕಾರಕ್ಕಿದೆ. ಪ್ರೀಮಿಯಂನಲ್ಲಿ ರಿಯಾಯಿತಿ ಕೊಟ್ಟು ಅಥವಾ ಕಮಿಷನ್ ಹಂಚಿಕೊಂಡು ಪಾಲಿಸಿ ಮಾಡಿಸುವುದು 41ನೇ ಸೆಕ್ಷನ್ ಪ್ರಕಾರ ತಪ್ಪು. ದಂಡ 10 ಲಕ್ಷ ರೂಪಾಯಿವರೆಗೆ. ಇವುಗಳ ಜೊತೆಗೆ 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯೂ, ಪಿರಮಿಡ್ ಯೋಜನೆಗಳನ್ನು ನಿಷೇಧಿಸುವ 2021ರ ನೇರ ಮಾರಾಟ ನಿಯಮಗಳೂ ಇವೆ.

ಭಾರತೀಯ ಜೀವವಿಮಾ ನಿಗಮದಲ್ಲೂ ಏಜೆಂಟರ ಮೇಲೆ ಮೇಲ್ವಿಚಾರಕರಿದ್ದಾರೆ. ಅವರಲ್ಲಿ ಡೆವಲಪ್‌ಮೆಂಟ್ ಆಫೀಸರ್ ಸಂಬಳದ ನೌಕರ. ಅನುಭವಿ ಏಜೆಂಟರು ಹೊಸಬರನ್ನು ಬೆಳೆಸಿ ಪ್ರತಿಫಲ ಪಡೆಯುವ ವ್ಯವಸ್ಥೆಯೂ ಒಂದೇ ಹಂತಕ್ಕೆ ನಿಲ್ಲುತ್ತದೆ, ಕೊನೆಯಿಲ್ಲದ ಸರಪಳಿಯಾಗುವುದಿಲ್ಲ. ಹೊಸ ಏಜೆಂಟನ ಮೊದಲ ಗ್ರಾಹಕರು ನೆಂಟರಿಷ್ಟರೇ ಆಗಿರುವುದು, ಪರಿಚಯ ಮುಗಿದ ಮೇಲೆ ಅನೇಕರು ಕೆಲಸ ಕೈಬಿಡುವುದು ಮಾತ್ರ ಇಲ್ಲಿಯೂ ಕಾಣುವ ಸಂಗತಿ.

ತಪ್ಪು ಮಾಹಿತಿ ಕೊಟ್ಟು ಪಾಲಿಸಿ ಮಾಡಿಸಿದ್ದರೆ ಪಾಲಿಸಿದಾರ ಮೊದಲು ಕಂಪನಿಗೆ, ಬಳಿಕ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ಗೆ ದೂರು ಸಲ್ಲಿಸಬಹುದು. ಕರ್ನಾಟಕದವರು ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಬಳಿಗೂ ಹೋಗಬಹುದು. ಅಲ್ಲಿ 50 ಲಕ್ಷ ರೂಪಾಯಿವರೆಗಿನ ದೂರುಗಳನ್ನು ಶುಲ್ಕವಿಲ್ಲದೆ ವಿಚಾರಿಸುತ್ತಾರೆ. ಏಜೆಂಟನಾಗಿ ಸೇರಿ ಆದಾಯದ ಭರವಸೆಯಿಂದ ಮೋಸಹೋದವರ ದೂರು ಲೋಕಪಾಲರ ವ್ಯಾಪ್ತಿಗೆ ಬರುವುದಿಲ್ಲ. ಯೋಜನೆ ಸರಪಳಿಯ ಸ್ವರೂಪದ್ದಾಗಿದ್ದರೆ ಅವರು 1978ರ ಕಾಯ್ದೆಯಡಿ ಪೊಲೀಸರ ಮೊರೆ ಹೋಗಬೇಕಾಗುತ್ತದೆ.